ಉಪಕಾರ ಮಾಡಿಸಿಕೊಳ್ಳಲು ಬಾರದವಳು

ನನ್ನ ದೊಡ್ಡವ್ವ ಯಾರ ಮನೆಗೆ ಹೋದರೂ ನಡುಮನೆಯಲ್ಲಿ ಕೂರುತ್ತಿರಲಿಲ್ಲ. ಚಪ್ಪಲಿ ಬಿಟ್ಟವಳೇ ಕೈಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತಗುಲಿಸಿ ನೇರ ಹಿತ್ತಲಿಗೆ ಹೋಗುವಳು. ಅಲ್ಲಿ ಮುಸುರೆ ಪಾತ್ರೆ ಇದ್ದರೆ ಸರಿ, ಇಲ್ಲದಿದ್ದರೆ ತೊಳೆದಿಟ್ಟದ್ದನ್ನೇ ಇನ್ನೊಮ್ಮೆ ತಿಕ್ಕುವಳು. ‘ಕಾಫಿ ಕುಡಿದು ಆಮೇಲೆ ಮಾಡು ದೊಡ್ಡವ್ವ’ ಅಂದರೆ ‘ಇದೊಂದ್ ಮುಗಿಸ್ಬುಟ್ಟು ಕುಡೀತೀನಿ ಕಣೆ, ಆರೋದ್ರೆ ಆರೋಗ್ಲಿ ಬುಡು’ ಎನ್ನುವಳು. ಬಿಸಿ ಕಾಫಿಯನ್ನು ಅವಳು ಕುಡಿದದ್ದನ್ನು ನಾನು ನೋಡಿದ ನೆನಪಿಲ್ಲ.

ಅವಳು ನಮ್ಮವ್ವನ ಅಕ್ಕ. ಚಿಕ್ಕ ವಯಸ್ಸಿಗೇ ನಾಗಮಂಗಲದ ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಬಹಳ ದಿನ ಬದುಕಲಿಲ್ಲ, ಮಕ್ಕಳೂ ಆಗಲಿಲ್ಲ. ಕೆ.ಆರ್. ಪೇಟೆಯಲ್ಲಿದ್ದ ತಮ್ಮನ ಮನೆಗೆ, ಅಂದರೆ ನನ್ನ ಸೋದರಮಾವನ ಮನೆಗೆ ಬಂದುಬಿಟ್ಟಳು. ಹೆಸರಿಗೆ ಅದು ಅವಳ ಮನೆ. ಆದರೆ ವರ್ಷದ ಹೆಚ್ಚಿನ ಪಾಲು ಅವಳು ಇರುತ್ತಿದ್ದದ್ದು ಬಸ್ಸುಗಳಲ್ಲಿ ಮತ್ತು ಬೇರೆಯವರ ಅಡುಗೆಮನೆಗಳಲ್ಲಿ. ನಮ್ಮ ನೆಂಟರಲ್ಲಿ ಯಾರಿಗೆ ಹೆರಿಗೆಯಾದರೂ ಬಾಣಂತನಕ್ಕೆ ಅವಳೇ ಬರಬೇಕು. ಯಾರಾದರೂ ಆಸ್ಪತ್ರೆ ಸೇರಿದರೆ ಪಕ್ಕದಲ್ಲಿ ಅವಳೇ. ಮದುವೆ ಮನೆಯಲ್ಲಿ ಹಪ್ಪಳ ಒತ್ತುವುದರಿಂದ ಹಿಡಿದು ನೆಂಟರೆಲ್ಲ ಹೋದ ಮೇಲೆ ಕೊಪ್ಪರಿಗೆ ತೊಳೆಯುವ ತನಕ ಅವಳೇ. ‘ಅವಳಂಥ ಒಳ್ಳೇವಳು ಇಲ್ಲ’ ಎಂದು ಎಲ್ಲರೂ ಹೇಳುತ್ತಿದ್ದೆವು. ಅವಳು ಯಾಕೆ ಹಾಗೆ ಎಂದು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಒಳ್ಳೆಯತನಕ್ಕೆ ಕಾರಣ ಬೇಕು ಅಂತ ನಾವು ಅಂದುಕೊಂಡಿರಲಿಲ್ಲ.

ನಾನಾಗ ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಮೇಡಂ. ಮನೆ ಬಾಬುರಾಯನಕೊಪ್ಪಲಿನಲ್ಲಿ. ಯಜಮಾನರಿಗೆ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ಕಾಲ ಬಂದರೆ ಅವರು ಯಾವಾಗ ಬರುತ್ತಾರೆ, ಯಾವಾಗ ಹೋಗುತ್ತಾರೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ಅವರೆಕಾಯಿ ಕಾಲದಲ್ಲಿ ನನ್ನ ಪುಟ್ಟ ಮಗಳಿಗೆ ಮೈಮೇಲೆ ಅಮ್ಮ ಎದ್ದಿತು. ನನ್ನ ರಜೆಗಳೆಲ್ಲ ಮುಗಿದುಹೋಗಿದ್ದವು. ಏನು ಮಾಡುವುದು ಎಂದು ಒದ್ದಾಡುತ್ತಿರುವಾಗ, ಕರೆಯದೆಯೇ, ಕೈಚೀಲದ ತುಂಬ ಬೇವಿನ ಸೊಪ್ಪು ತುಂಬಿಕೊಂಡು ದೊಡ್ಡವ್ವ ಬಂದು ನಿಂತಳು. ಯಾರು ಸುದ್ದಿ ಹೇಳಿದರೋ ಗೊತ್ತಿಲ್ಲ. ಅವಳಿಗೆ ಇಂಥ ಸುದ್ದಿಗಳು ತಾವಾಗಿಯೇ ತಲುಪುತ್ತಿದ್ದವು.

ಮಗಳು ಗುಣವಾದಳು. ತಲೆಗೆ ನೀರೂ ಹಾಕಿದ್ದಾಯಿತು. ದೊಡ್ಡವ್ವ ಹೊರಡಬೇಕಿದ್ದ ಹಿಂದಿನ ದಿನ, ಕೂಸಿನ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದೇ ಹೋಗುತ್ತೇನೆ ಎಂದು ಹಟ ಹಿಡಿದು ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ಹೋದವಳು ಪಾಚಿಯ ಮೇಲೆ ಜಾರಿ ಬಿದ್ದಳು. ಬಲಗೈ ಊರಿಬಿಟ್ಟಿದ್ದಳು. ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೂಳೆ ಮುರಿದಿದೆ ಎಂದು ಬೆರಳ ಬುಡದಿಂದ ಮೊಣಕೈವರೆಗೆ ಬಿಳಿ ಹಿಟ್ಟಿನ ಕಟ್ಟು ಹಾಕಿದರು. ‘ಕಟ್ಟು ಬಿಚ್ಚೋವರೆಗೂ ಈ ಕೈಯಲ್ಲಿ ಒಂದು ಲೋಟಾನೂ ಎತ್ತಬಾರದು’ ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ದೊಡ್ಡವ್ವ ನೋವಿನ ಮಾತೇ ಎತ್ತಲಿಲ್ಲ. ‘ನೆನೆಸಿದ್ ಬಟ್ಟೆ ಅಂಗೇ ಅವೆಯಲ್ಲೇ’ ಎಂದಳು.

ನಾನು ಅವಳನ್ನು ಕಳಿಸಲಿಲ್ಲ. ನಮ್ಮನೆಯಲ್ಲಿ, ನನ್ನ ಮಗಳ ಬಟ್ಟೆ ಒಗೆಯಲು ಹೋಗಿ ಬಿದ್ದವಳು. ನಾನು ನೋಡಿಕೊಳ್ಳದೆ ಇನ್ನ್ಯಾರು ನೋಡಿಕೊಳ್ಳಬೇಕು? ಅದೂ ಅಲ್ಲದೆ ನನಗೆ ಒಳಗೊಳಗೇ ಒಂದು ಉತ್ಸಾಹವೂ ಬಂದಿತ್ತು. ಇಷ್ಟು ವರ್ಷ ಅವಳು ಎಲ್ಲರಿಗೂ ಮಾಡಿದ್ದಳು. ಈಗ ಅವಳಿಗೆ ಮಾಡುವ ಸರದಿ ನನಗೆ ಸಿಕ್ಕಿತ್ತು.

ನಡುಮನೆಯಲ್ಲಿ, ಕಿಟಕಿಯ ಪಕ್ಕ, ಮನೆಯಲ್ಲಿದ್ದ ಒಳ್ಳೇ ಹಾಸಿಗೆ ಹಾಸಿದೆ. ಬೆಳಿಗ್ಗೆ ಎದ್ದು ತಲೆ ಬಾಚಿದೆ. ಸ್ನಾನಕ್ಕೆ ನೀರು ತೋಡಿ ಬೆನ್ನು ಉಜ್ಜಿದೆ. ಎಡಗೈಯಲ್ಲಿ ಉಣ್ಣಲು ಅವಳಿಗೆ ನಾಚಿಕೆ, ಅದಕ್ಕೆ ನಾನೇ ತುತ್ತು ಮಾಡಿ ಬಾಯಿಗಿಟ್ಟೆ. ಮೊದಲ ದಿನ ಅವಳು ಸುಮ್ಮನೆ ಬಾಯಿ ತೆರೆದಳು. ಆಮೇಲೆ ಎರಡು ತುತ್ತಿಗೇ ‘ಸಾಕು ಕಣವ್ವ, ಹಸಿವಿಲ್ಲ’ ಎನ್ನತೊಡಗಿದಳು. ಬಸ್ಸಿಂದಿಳಿದು ಒಂದೂವರೆ ಮುದ್ದೆ ಉಣ್ಣುತ್ತಿದ್ದ ಹೆಂಗಸು ಅವಳು.

ಅವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಹಾಸಿಗೆಯಿಂದ ಏಳುವುದು, ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುವುದು, ನಾನು ತಿರುಗಿ ನೋಡಿದರೆ ಹಿಂದಕ್ಕೆ ಹೋಗುವುದು. ಬೀದಿ ಬಾಗಿಲಿಗೆ ಹೋಗಿ ಮೈಸೂರು ರಸ್ತೆಯಲ್ಲಿ ಓಡುವ ಬಸ್ಸು ನೋಡುವುದು, ಮತ್ತೆ ಒಳಗೆ. ಅವಳ ಓಡಾಟ ನೋಡಿ ನೋಡಿ ನನಗೂ ಒಂಥರಾ ತಳಮಳ ಹತ್ತಿಕೊಂಡಿತು. ಶಾಲೆಯಲ್ಲಿ ಪಾಠ ಮಾಡುವಾಗಲೂ ಅವಳು ಈಗ ಏನು ಮಾಡುತ್ತಿರಬಹುದು, ಎಲ್ಲಾದರೂ ನೀರು ಸೇದಲು ಹೋಗಿರಬಹುದೇ ಎಂಬುದೇ ಯೋಚನೆ. ಮನೆಗೆ ಬಂದ ಕೂಡಲೇ ‘ಊಟ ಮಾಡ್ದಾ? ಮಾತ್ರೆ ತಗೊಂಡ್ಯಾ? ಮಲಗಿದ್ಯಾ?’ ಎಂದು ಕೇಳುತ್ತಿದ್ದೆ. ಹೂಂ ಎನ್ನುತ್ತಿದ್ದಳು. ಆ ಹೂಂನಲ್ಲಿ ನನಗೆ ಸಿಗಬೇಕಾದ್ದು ಸಿಗುತ್ತಿರಲಿಲ್ಲ. ಏನು ಸಿಗಬೇಕಿತ್ತು ಎಂದು ಆಗ ಕೇಳಿದ್ದರೆ ಹೇಳಲು ನನಗೂ ಆಗುತ್ತಿರಲಿಲ್ಲ.

ಒಂದು ಸಂಜೆ ನಾನು ಬರುವ ಹೊತ್ತಿಗೆ ಅವಳು ಮೊರದ ಮುಂದೆ ಕೂತಿದ್ದಳು. ನಾನು ನೆನೆಹಾಕಿ ಹೋಗಿದ್ದ ಅವರೆಕಾಳನ್ನು ಎಡಗೈಯಲ್ಲಿ ಹಿತುಕುತ್ತಿದ್ದಳು. ಹಿತುಕಿದ ಬೇಳೆಗೆ ಹೆಬ್ಬೆರಳು ಮತ್ತು ತೋರುಬೆರಳು ಹೇಳಿದ ಹಾಗೆ ಕೇಳಬೇಕು. ಅಭ್ಯಾಸವಿಲ್ಲದ ಕೈಯಲ್ಲಿ ಅರ್ಧ ಬೇಳೆ ಜಜ್ಜಿಹೋಗಿ, ಅರ್ಧ ನೆಲದ ಮೇಲೆಲ್ಲ ಚೆಲ್ಲಿತ್ತು. ಆ ಹೊತ್ತಿಗೆ ಪಕ್ಕದ ಮನೆಯಾಕೆ ಕರಿಬೇವು ಕೇಳಲು ಬಂದಿದ್ದಳು. ನಾನು ಚೀಲ ಕೆಳಗಿಟ್ಟು ಮೊರವನ್ನು ದೊಡ್ಡವ್ವನ ಮುಂದಿನಿಂದ ಎಳೆದುಕೊಂಡು, ‘ನಿನಗ್ಯಾಕೆ ಇದೆಲ್ಲ? ನೀನು ಸುಮ್ನೆ ಕೂತ್ಕೊಂಡಿದ್ರೆ ಸಾಕು, ನಾನಿಲ್ವಾ?’ ಎಂದೆ. ಪ್ರೀತಿಯಿಂದಲೇ ಹೇಳಿದ್ದು.

ಪಕ್ಕದ ಮನೆಯಾಕೆ, ‘ಎತ್ತ ಮಗಳೂ ಇಂಗ್ ನೋಡ್ಕಳಲ್ಲ. ಪುಣ್ಯ ಮಾಡಿದ್ದೆ ಕಣಜ್ಜಿ’ ಎಂದಳು.

ದೊಡ್ಡವ್ವ ನಕ್ಕಳು. ನನಗೆ ಆ ಮಾತು ಹಿತವಾಗಿತ್ತು. ಅವತ್ತು ಹಿತುಕಿದ ಬೇಳೆ ಸಾರು ಬಹಳ ಚೆನ್ನಾಗಿ ಮಾಡಿದೆ. ಅವಳು ಅದನ್ನೂ ಎರಡೇ ತುತ್ತು ತಿಂದಳು.

ಅದಾದ ಮೇಲಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿಕೊಂಡು ಮಧ್ಯಾಹ್ನ ಬಂದರೆ ಬಾಗಿಲಿಗೆ ಬೀಗ. ಬೀಗದ ಕೈ ಪಕ್ಕದ ಮನೆಯಲ್ಲಿತ್ತು, ನನ್ನ ಮಗಳೂ ಅಲ್ಲೇ ಇದ್ದಳು. ‘ಈಗ್ಲೇ ಬತ್ತೀನಿ ಅಂದ್ಬುಟ್ಟು ಓದ್ಲು. ಬೆಳಿಗ್ಗೇನೆ’ ಎಂದಳು ಪಕ್ಕದ ಮನೆಯಾಕೆ. ಒಳಗೆ ಹಾಸಿಗೆ ಮಡಿಸಿಟ್ಟಿದ್ದಳು. ಒಂದೇ ಕೈಯಲ್ಲಿ ಮಡಿಸಿದ್ದಕ್ಕೆ ಅಂಚುಗಳು ಒಂದಕ್ಕೊಂದು ಕೂಡಿರಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಕೈಚೀಲ ಇರಲಿಲ್ಲ.

ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಇಷ್ಟು ಮಾಡಿದರೂ ಹೇಳದೆ ಹೋಗುವುದೇ? ಆಮೇಲೆ, ಕೈ ಮುರಿದುಕೊಂಡ ವಯಸ್ಸಾದ ಹೆಂಗಸು ಬಸ್ಸಿನಲ್ಲಿ ಯಾರಾದರೂ ತಳ್ಳಿದರೆ ಎಂಬ ಯೋಚನೆ ಬಂತು. ಮಗಳನ್ನು ಎತ್ತಿಕೊಂಡು ಬಸ್ ಸ್ಟಾಪಿಗೆ ಓಡಿದೆ. ಅಲ್ಲಿ ಹೂ ಮಾರುವಾಕೆ ನೋಡಿದ್ದಳು.

‘ಕೈಗೆ ಬೆಳ್ಳುಗೆ ಕಟ್ಕಂಡಿದ್ ಅಜ್ಜಿ ತಾನೆ? ಪಾಂಡುಪುರದ ಬಸ್ಸು ಅತ್ಕಂಡು ಓದ್ರು. ಕಂಡಕ್ಟ್ರು ಕೈ ಇಡಿಯಕ್ ಬಂದ್ರೆ ಬ್ಯಾಡ ಅಂದ್ಬುಟ್ರು.’

ಪಾಂಡವಪುರದಲ್ಲಿ ನನ್ನ ತಂಗಿಯ ಮನೆ ಇತ್ತು. ಅಲ್ಲಿಗೇ ಹೋಗಿರುತ್ತಾಳೆ ಎಂದು ಅರ್ಧ ಸಮಾಧಾನವಾಯಿತು. ಆದರೆ ಬಾಗಿಲು ತೆಗೆದ ತಂಗಿಯ ಮುಖ ನೋಡಿದರೇ ಅವಳು ಅಲ್ಲಿಲ್ಲ ಎಂದು ಗೊತ್ತಾಯಿತು.

‘ಬಂದಿದ್ಲು. ಬಂದೋಳೆ ಇತ್ತಲಿಗೆ ಓದ್ಲು. ನಾನು ಕೈ ನೋಡಿ ಗಾಬ್ರಿ ಬಿದ್ದು, ಮೊದ್ಲು ಬಂದು ಕೂತ್ಕೋ ಅಂದೆ. ಒಂದ್ ಗಳಿಗೆ ಕೂತಿದ್ಲು. ಕೆ.ಆರ್. ಪೇಟೆ ಬಸ್ಸೈತೆ, ಊರಿಗೋಯ್ತೀನಿ ಅಂದ್ಲು. ನಾನೇ ಬಂದು ಬಿಡ್ತೀನಿ ಇರು ಅಂದು ಒಳಗೋಗಿ ಸೀರೆ ಬದಲಾಯಿಸ್ಕೊಂಡು ಬರೋದ್ರೊಳಗೆ ಒಂಟೋಗಿದ್ಲು.’ ಹೀಗಂದವಳು ನನ್ನನ್ನೇ ನೋಡುತ್ತಾ, ‘ನೀನೇನಾರ ಅಂದ್ಯಾ ಅಕ್ಕ?’ ಎಂದಳು.

ಆ ಪ್ರಶ್ನೆ ನನಗೆ ಚುಚ್ಚಿತು. ‘ನಾನೇನು ಅನ್ನಲಿ? ಕೂರಿಸಿ ತುತ್ತಿಟ್ಟಿದ್ದೀನಿ’ ಎಂದೆ. ದನಿ ಜೋರಾಗಿಯೇ ಬಂತು. ಮಗಳನ್ನು ಅವಳ ಹತ್ತಿರ ಬಿಟ್ಟು, ಪಾಳಿ ಮುಗಿದ ಮೇಲೆ ಯಜಮಾನರು ಬಂದು ಕರೆದುಕೊಂಡು ಹೋಗಲಿ ಎಂದು ಹೇಳಿ, ನಾನು ಬಸ್ ಸ್ಟ್ಯಾಂಡಿಗೆ ನಡೆದೆ.

ಕೆ.ಆರ್. ಪೇಟೆ ಬಸ್ಸು ಊರು ದಾಟುವುದೇ ಕಷ್ಟವಾಯಿತು. ಕಬ್ಬಿನ ಗಾಡಿಗಳು, ಟ್ರಾಕ್ಟರುಗಳು ರಸ್ತೆಯುದ್ದಕ್ಕೂ ಕಾರ್ಖಾನೆ ಕಡೆ ಮುಖ ಮಾಡಿ ನಿಂತಿದ್ದವು. ಎತ್ತುಗಳು ನಿಂತಲ್ಲೇ ಕಬ್ಬಿನ ಸೋಗೆ ಮೇಯುತ್ತಿದ್ದವು. ಡ್ರೈವರು ಇಂಜಿನ್ ಆರಿಸಿ ಬೀಡಿ ಹಚ್ಚಲು ಕೆಳಗಿಳಿದ. ಬಸ್ಸಿನಲ್ಲಿದ್ದವರು ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ. ನಾನು ಮಾತ್ರ ಎದ್ದು ಮುಂದೆ ನೋಡುವುದು, ಕೂರುವುದು, ಮತ್ತೆ ಏಳುವುದು. ಪಕ್ಕದಲ್ಲಿದ್ದ ಹೆಂಗಸು ‘ಕುಂತ್ಕಳವ್ವ, ಎದ್ದು ನಿಂತ್ರೆ ಗಾಡಿ ಸರಿಯಕ್ಕಿಲ್ಲ’ ಎಂದಳು. ಕೂರಲು ನನಗೆ ಆಗಲೇ ಇಲ್ಲ. ಯಾರಾದರೂ ಈಗ ನನಗೊಂದು ಕೆಲಸ ಕೊಟ್ಟಿದ್ದರೆ, ಎತ್ತುಗಳನ್ನು ಹೊಡೆಯಲು ಹೇಳಿದ್ದರೂ, ಇಳಿದು ಹೊಡೆಯುತ್ತಿದ್ದೆ ಅನ್ನಿಸಿತು. ದೊಡ್ಡವ್ವ ನಮ್ಮನೆಯ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಹೇಗಿದ್ದಳು ಎಂಬುದರ ಒಂದು ಚೂರು ಆ ಬಸ್ಸಿನಲ್ಲಿ ನನಗೆ ಹತ್ತಿರ ಬಂತು. ಆದರೆ ಬಸ್ಸು ಹೊರಟಿತು, ಮತ್ತೆ ಭಯವೇ ದೊಡ್ಡದಾಯಿತು.

ಕೆ.ಆರ್. ಪೇಟೆ ತಲುಪಿದಾಗ ಹೊತ್ತು ಇಳಿದಿತ್ತು. ಮಾವ ಗದ್ದೆಗೆ ಹೋಗಿದ್ದರು. ಅತ್ತೆ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ದೊಡ್ಡವ್ವ ಅಲ್ಲಿಗೆ ಬಂದೇ ಇರಲಿಲ್ಲ. ಕೈ ಮುರಿದ ಸುದ್ದಿಯೂ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ.

ನಾನು ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಅತ್ತೆ ಮೊರ ಪಕ್ಕಕ್ಕಿಟ್ಟು ನೀರು ತಂದುಕೊಟ್ಟರು. ನಡೆದದ್ದನ್ನೆಲ್ಲ ಹೇಳಿದೆ, ತಲೆ ಬಾಚಿದ್ದು, ತುತ್ತು ಇಟ್ಟದ್ದು, ಅವರೆಕಾಳಿನ ಮೊರ ಕಿತ್ತುಕೊಂಡದ್ದು. ಅವರು ಎಲ್ಲ ಕೇಳಿಸಿಕೊಂಡರು. ಅತ್ತೆ ಒರಟು ಹೆಂಗಸಲ್ಲ, ಸುಳ್ಳು ಹೇಳುವವರೂ ಅಲ್ಲ.

‘ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವ್ರು ಗಂಡನ್ನ ಕಳ್ಕಂಡು ಬಂದು ಸ್ವಲ್ಪ ದಿನ ಆಗಿತ್ತು’ ಎಂದರು. ‘ಎಲ್ರಿಗಿಂತ ಮೊದ್ಲು ಏಳೋರು. ಎಲ್ರೂ ಉಂಡ್ ಮೇಲೆ ಉಣ್ಣೋರು. ಕೆಲಸ ಮಾಡದೆ ಇರೋ ದಿನ ಹಸಿವಿಲ್ಲ ಅನ್ನೋರು. ಯಾರೂ ಅವರಿಗೆ ಒಂದ್ ಮಾತು ಅಂದಿಲ್ಲ ಮಗ, ದೇವ್ರಾಣೆ. ನಿಮ್ಮಜ್ಜಿಯೂ ಅನ್ಲಿಲ್ಲ, ನಾನೂ ಅನ್ಲಿಲ್ಲ. ಆದ್ರೆ “ಅಕ್ಕ, ನೀವು ಕೆಲಸ ಮಾಡಿದ್ರೂ ಮಾಡ್ದಿದ್ರೂ ಇದು ನಿಮ್ಮನೆ” ಅಂತ್ಲೂ ಯಾರೂ ಅವರಿಗೆ ಅನ್ಲಿಲ್ಲ. ಅದು ಆಡ್ಬೇಕಾದ ಮಾತು ಅಂತ ನಮಗೆ ಅನ್ನಿಸ್ಲೇ ಇಲ್ಲ. ಅವರು ಮಾಡ್ತಾ ಓದ್ರು, ನಾವು ಮಾಡಿಸ್ಕಂಡ್ವು. ಒಳ್ಳೇವ್ರು ಅಂದ್ವು. ಅಷ್ಟಕ್ಕೆ ಮುಗೀತು.’

ಮಾವ ಬಂದರು. ಸುದ್ದಿ ಕೇಳಿ ಕಾಲು ತೊಳೆಯದೆಯೇ ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಅಲ್ಲಿ ಕಡಲೆಕಾಯಿ ಮಾರುವವನೊಬ್ಬ ಅವಳನ್ನು ಬಲ್ಲವನು. ನಾಗಮಂಗಲದ ಬಸ್ಸು ಹತ್ತಿದ್ದನ್ನು ನೋಡಿದ್ದ. ‘ಅಲ್ಲಿ ಅವಳ ನಾದಿನಿ ಒಬ್ಬಳವಳೆ’ ಎಂದರು ಮಾವ. ‘ಭಾವನ ತಂಗಿ. ಬಾಯಿ ಸರಿಯಿಲ್ಲ. ನಾವ್ಯಾರೂ ಓಗದು ಬರದು ಇಲ್ಲ. ಅಲ್ಲಿಗ್ಯಾಕೆ ಓದ್ಲೋ.’

ಬೆಳಿಗ್ಗೆ ಮೊದಲ ಬಸ್ಸಿಗೆ ನಾನೊಬ್ಬಳೇ ಹೊರಟೆ. ಮಾವ ಬರುತ್ತೇನೆಂದರು, ಅತ್ತೆ ಬೇಡವೆಂದರು. ಗದ್ದೆಗಳು ಮುಗಿದು, ರಾಗಿ ಕೊಯ್ದ ಬೋಳು ಹೊಲಗಳು ಬಂದವು. ಅಲ್ಲಲ್ಲಿ ತೆಂಗಿನ ತೋಟ, ಹುರುಳಿ ಬಣವೆ. ನಾನು ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಾ ಹೋದೆ. ಕೆಲವು ಬೈಗುಳ, ಕೆಲವು ಬೇಡಿಕೆ. ನಾಗಮಂಗಲ ಬರುವ ಹೊತ್ತಿಗೆ ಯಾವುದೂ ಸರಿಯೆನಿಸದೆ ಎಲ್ಲ ಕೆದರಿಹೋಗಿತ್ತು.

ಊರ ಕೊನೆಯಲ್ಲಿ ತಗ್ಗು ಮಾಡಿನ ಹೆಂಚಿನ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಹೊಗೆ. ಬೆಳಕಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ನೆಲದ ಒಲೆಯ ಪಕ್ಕ ಒಬ್ಬ ದಪ್ಪನೆಯ ಮುದುಕಿ ಕಾಲು ಚಾಚಿ ಕೂತಿದ್ದಳು. ಎರಡೂ ಕೈಯಲ್ಲಿ ಮುದ್ದೆಕೋಲು ಹಿಡಿದು ರಾಗಿ ಹಿಟ್ಟು ತೊಳಸುತ್ತಿದ್ದಳು. ಪಾತ್ರೆ ಅಲುಗದಂತೆ ಕವೆಗೋಲನ್ನು ಕಾಲಲ್ಲಿ ಅದುಮಿ ನಿಂತಿದ್ದವಳು ನನ್ನ ದೊಡ್ಡವ್ವ. ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು, ಎಡಗೈಯಲ್ಲಿ ಗೋಡೆ ಹಿಡಿದಿದ್ದಳು.

‘ಸರಿಯಾಗಿ ತುಳ್ಕಂಡ್ ನಿಂತ್ಕಳೆ, ಗಂಟಾಯ್ತದೆ’ ಎಂದು ಮುದುಕಿ ಬೈಯುತ್ತಿದ್ದಳು.

‘ನೀನು ಬಿರ್ರನೆ ತಿರುಗ್ಸು, ನಂದೇನಿಲ್ಲ’ ಎಂದಳು ದೊಡ್ಡವ್ವ.

ಮುದುಕಿ ನನ್ನನ್ನು ನೋಡಿ, ‘ಯಾರದು? ಬಾಗ್ಲಲ್ಲೇ ನಿಂತ್ಬುಟ್ರೆ ಬೆಳಕು ಬರದು ಬ್ಯಾಡ್ವಾ?’ ಎಂದಳು.

ನಾದಿನಿಗೆ ಹಿಂದೊಮ್ಮೆ ಬಿದ್ದು ಸೊಂಟ ಮುರಿದಿತ್ತಂತೆ. ಅಂದಿನಿಂದ ನಡೆಯಲಾರಳು. ಕೂತಲ್ಲಿಂದಲೇ ತೆವಳಿಕೊಂಡು ಓಡಾಡುತ್ತಿದ್ದಳು. ಮಗ ಬೆಂಗಳೂರು ಬಸ್ಸಿನ ಕಂಡಕ್ಟರ್, ಬೆಳಗಾಗುವ ಮೊದಲೇ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಹಗಲೆಲ್ಲ ಅವಳೊಬ್ಬಳೇ. ದೊಡ್ಡವ್ವ ಬಂದಾಗ ‘ಏನೇ, ಕೈ ಮುರ್ಕಂಡ್ ಬಂದ್ಯಾ? ನಂಗೆ ಕಾಲಿಲ್ಲ, ನಿಂಗೆ ಕೈಯಿಲ್ಲ, ಕೆಟ್ಟೋಯ್ತು’ ಎಂದಳಂತೆ. ಕೂತ್ಕೋ ಎಂದೂ ಹೇಳಲಿಲ್ಲ, ಪಾಪ ಎಂದೂ ಹೇಳಲಿಲ್ಲ. ‘ಆ ಕೊಡ ಇತ್ಲಾಗೆ ತಳ್ಳು’ ಎಂದಳಂತೆ.

ನನಗೂ ತಟ್ಟೆ ಹಾಕಿದರು. ನಾದಿನಿ ಮುದ್ದೆಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಹುರುಳಿ ಸಾರಿನಲ್ಲಿ ಮುಳುಗಿಸಿ, ಒಂದು ಚಮಚ ಹಾಕಿ ತಟ್ಟೆಯನ್ನು ದೊಡ್ಡವ್ವನ ಕಡೆ ತಳ್ಳಿ, ತನ್ನ ಊಟದ ಕಡೆ ತಿರುಗಿಕೊಂಡಳು. ದೊಡ್ಡವ್ವ ಎಡಗೈಯಲ್ಲೇ ಉಂಡಳು. ಇನ್ನೊಂದು ಮುದ್ದೆ ಹಾಕಿಸಿಕೊಂಡಳು. ನಾನು ನೋಡುತ್ತಲೇ ಇದ್ದೆ. ನನ್ನ ತಟ್ಟೆಯ ಮುದ್ದೆ ಹಾಗೇ ಇತ್ತು. ಸಂತೋಷಕ್ಕೋ, ಹೊಟ್ಟೆಕಿಚ್ಚಿಗೋ ಎಂದು ಈಗಲೂ ಹೇಳಲಾರೆ.

ಊಟವಾದ ಮೇಲೆ ಇಬ್ಬರೂ ಹೊರಗೆ ತೆಂಗಿನ ಮರದ ಕೆಳಗೆ ಕೂತೆವು. ‘ಬಾ ದೊಡ್ಡವ್ವ, ಮನೆಗೆ ಹೋಗೋಣ’ ಎಂದೆ. ಅವಳು ತಲೆಯಾಡಿಸಿದಳು.

‘ನಾನೇನು ಕಮ್ಮಿ ಮಾಡ್ದೆ ಹೇಳು’ ಎಂದು ಕೇಳಿದೆ. ಕೇಳಬಾರದು ಅಂದುಕೊಂಡಿದ್ದೆ, ಬಾಯಿಂದ ಬಂದುಬಿಟ್ಟಿತು.

‘ಕಮ್ಮಿ ಎಲ್ಲಿ ಮಾಡ್ದೆ ಮಗ. ಕೂಸಿಗೆ ಮಾಡ್ದಂಗೆ ಮಾಡ್ದೆ.’ ಅವಳು ನೆಲದಲ್ಲಿದ್ದ ತೆಂಗಿನ ಗರಿಯೊಂದನ್ನು ಎಳೆದುಕೊಂಡು ಎಡಗೈಯಲ್ಲಿ ಕಡ್ಡಿ ಸೀಳಲು ನೋಡಿದಳು, ಆಗಲಿಲ್ಲ. ‘ಆದ್ರೆ ತುತ್ತು ಇಟ್ಟಾಗೆಲ್ಲ ನನ್ ಮಕ ನೋಡ್ತಿದ್ದೆ. ತಲೆ ಬಾಚ್ಬುಟ್ಟು ಮಕ ನೋಡ್ತಿದ್ದೆ. ನಾನು ಸಂತೋಸವಾಗಿದ್ದೀನಾ ಅಂತ. ನಂಗೆ ಒಂದೊಂದ್ ತುತ್ತಿಗೂ ಸಂತೋಸ ತೋರುಸ್ಬೇಕಲ್ಲ. ಎಲ್ಲಿಂದ ತರ್ಲಿ? ಆ ನೋವ್ನಾಗೆ ನನ್ತಾವ ಅಷ್ಟೊಂದ್ ಸಂತೋಸ ಇರಲಿಲ್ಲ ಕಣೆ.’

ನಾನು ಅವಳ ಮುಖದಿಂದ ಕಣ್ಣು ತೆಗೆದೆ.

‘ನಿನ್ನ ಬಯ್ತಿಲ್ಲ’ ಎಂದಳು. ‘ನಾನೂ ಅಂಗೇ. ನಿನ್ ಬಾಣಂತನ ಮಾಡುವಾಗ ನಿನ್ ಮಕ ನೋಡ್ತಿದ್ದೆ. ನಿನ್ ತಂಗೀದು, ನಿಮ್ಮವ್ವಂದು, ಎಲ್ಲಾರ ಮಕಾನೂ. ಈ ಮನೆಗೆ ನಾನು ಬೇಕು ಅಂತ ಅಲ್ಲೇನಾರ ಕಾಣ್ತದಾ ಅಂತ. ಕಂಡ್ರೆ ಆವತ್ತು ನಿದ್ದೆ ಬತ್ತಿತ್ತು. ಈಗ ನನ್ ಮಕಾನ ನೀನು ನೋಡಕ್ ಶುರು ಮಾಡ್ದಾಗ ಗೊತ್ತಾಯ್ತು, ಎಷ್ಟು ಭಾರ ಆಯ್ತದೆ ಅಂತ.’

‘ಹಾಗಾದ್ರೆ ಇವರು?’ ಎಂದು ಒಳಗಿನ ಕಡೆ ತೋರಿಸಿದೆ.

‘ಅವಳಾ? ಅವಳಿಗೆ ನನ್ ಮಕ ಬೇಕಾಗಿಲ್ಲ. ಹಿಟ್ಟು ಗಂಟಾಗದಂಗೆ ಕವೆಗೋಲು ತುಳಿಯೋರು ಬೇಕು, ಅಷ್ಟೇಯ.’ ಹೀಗೆಂದು ನಕ್ಕಳು. ನಮ್ಮನೆಯಲ್ಲಿ ನಕ್ಕಿದ್ದ ನಗು ಇದಲ್ಲ.

ಅವಳನ್ನು ಬಿಟ್ಟು ನಾನೊಬ್ಬಳೇ ಬಸ್ಸು ಹತ್ತಿದೆ. ಮನಸ್ಸಿಗೆ ಸಮಾಧಾನವಾಗಲಿಲ್ಲ. ಅವಳು ಸುಖವಾಗಿರುವುದನ್ನು ಕಣ್ಣಾರೆ ನೋಡಿ ಬಂದಿದ್ದರೂ, ಆ ಸುಖ ನನ್ನಿಂದ ಆದದ್ದಲ್ಲ ಎಂಬ ಸಣ್ಣ ಮುಳ್ಳು ಒಳಗೆ ಆಡುತ್ತಲೇ ಇತ್ತು. ಮನೆಯಲ್ಲಿ ಯಜಮಾನರು ‘ಸಿಕ್ಕಿದ್ರಲ್ಲ, ಮತ್ತೇನು?’ ಎಂದರು. ಮತ್ತೇನು ಎಂದು ಅವರಿಗೆ ವಿವರಿಸಲು ಹೋಗಿ ಅರ್ಧದಲ್ಲೇ ಬಿಟ್ಟೆ.

ಕಟ್ಟು ಬಿಚ್ಚಿದ ಮೇಲೂ ದೊಡ್ಡವ್ವ ಅಲ್ಲೇ ಉಳಿದಳು. ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತು. ಮಾವ ಒಂದು ಸಲ ಕರೆಯಲು ಹೋಗಿ ಬರಿಗೈಯಲ್ಲಿ ಬಂದರು. ಆಮೇಲೆ ಅತ್ತೆಯೇ ಹೋಗಿ, ಕೆ.ಆರ್. ಪೇಟೆಯ ಮನೆ ನಿಮ್ಮದೇ, ಯಾವಾಗ ಬೇಕಾದರೂ ಬನ್ನಿ, ಏನೂ ಮಾಡದೆ ಇರಿ ಎಂದು ಹೇಳಿ ಬಂದರಂತೆ. ದೊಡ್ಡವ್ವ ಅದನ್ನು ಕೇಳಿ ಸೆರಗಿನಿಂದ ಮುಖ ಒರೆಸಿಕೊಂಡಳಂತೆ. ಅಷ್ಟಾದರೂ ಹೋಗಲಿಲ್ಲ.

ಮರುವರ್ಷ ನನ್ನ ತಂಗಿಗೆ ಹೆರಿಗೆಯಾಯಿತು. ಎಂದಿನಂತೆ ದೊಡ್ಡವ್ವನಿಗೆ ಹೇಳಿಕಳಿಸಿದರು. ಅವಳು ಬರಲಿಲ್ಲ. ‘ಕೂಸಿನ ನಾಮಕರಣಕ್ಕೆ ಬತ್ತೀನಿ. ಬಾಣಂತನಕ್ಕೆ ಆಗಕ್ಕಿಲ್ಲ, ಇವಳೊಬ್ಬಳೇ ಆಯ್ತಾಳೆ’ ಎಂದು ಹೇಳಿಕಳಿಸಿದಳು. ಅಷ್ಟಕ್ಕೇ ನಮ್ಮ ನೆಂಟರ ಮಾತು ಬದಲಾಯಿತು. ‘ಮೊದಲಿನಂಗಿಲ್ಲ ಅವಳು.’ ‘ನಾದಿನಿ ಮಾತು ಕೇಳ್ಕೊಂಡು ಕೆಟ್ಲು.’ ‘ಸ್ವಂತ ತಂಗಿ ಮಗಳಿಗಿಂತ ಅವಳು ಹೆಚ್ಚಾದ್ಲಾ?’ ಒಳ್ಳೇವಳು ಎಂಬ ಮಾತನ್ನು ಎಷ್ಟು ಸಲೀಸಾಗಿ ಕೊಟ್ಟಿದ್ದೆವೋ ಅಷ್ಟೇ ಸಲೀಸಾಗಿ ವಾಪಸು ತೆಗೆದುಕೊಂಡೆವು. ನಾನು ಒಂದೆರಡು ಸಲ ಅವಳ ಪರ ಮಾತಾಡಿದೆ. ‘ನಿನ್ನ ಮನೆಯಿಂದಲೇ ಓಡಿಹೋದವಳು, ನೀನೇನು ಹೇಳ್ತೀಯ’ ಎಂದರು.

ತಂಗಿಯ ಬಾಣಂತನಕ್ಕೆ ಬೇಸಿಗೆ ರಜದಲ್ಲಿ ನಾನೇ ಪಾಂಡವಪುರಕ್ಕೆ ಹೋದೆ. ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು. ಸೊಂಟ ಬಿದ್ದುಹೋಗುತ್ತಿತ್ತು. ಒಂದು ದಿನ ತಂಗಿ ಸಿಡುಕಿ, ‘ಸಾಕು ಅಂದ್ನಲ್ಲ ಅಕ್ಕ, ಎಷ್ಟು ಸಲ ಚೆನ್ನಾಗಿದ್ಯಾ ಅಂತ ಕೇಳ್ತೀಯ’ ಎಂದಳು. ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯಲು ಕೂತೆ. ಒಗೆದದ್ದನ್ನೇ ಮತ್ತೆ ಒಗೆದೆ. ಬಹಳ ಹೊತ್ತಾದ ಮೇಲೆ ಕೈ ನಿಂತಿತು.

ಆ ವರ್ಷವೇ ಒಂದು ಭಾನುವಾರ, ಹೇಳದೆ ಕೇಳದೆ ನಾಗಮಂಗಲಕ್ಕೆ ಹೋದೆ. ದೊಡ್ಡವ್ವನಿಗೆಂದು ಒಂದು ಸೀರೆ, ನಾದಿನಿಗೆ ಒಂದು ಕಂಬಳಿ ತೆಗೆದುಕೊಂಡಿದ್ದೆ. ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ನಾದಿನಿ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

ಬಾಗಿಲಲ್ಲಿ ಇಣುಕಿದೆ. ದೊಡ್ಡವ್ವ ಚಾಪೆಯ ಮೇಲೆ ಕೈಯನ್ನು ತಲೆಯಡಿ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ಪಕ್ಕದಲ್ಲಿ ಉಂಡ ತಟ್ಟೆಗಳು ತೊಳೆಯದೆ ಹಾಗೇ ಬಿದ್ದಿದ್ದವು. ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆಯೂ ಬರುತ್ತಿತ್ತು.

‘ಎಬ್ಬುಸ್‌ಬ್ಯಾಡ’ ಎಂದಳು ನಾದಿನಿ ಮೆಲ್ಲಗೆ. ‘ಇವಾಗ ಉಂಡು ಮಲಗವ್ಳೆ. ದಿನಾ ಇಂಗೇ, ಎಮ್ಮೆ ಮಲಗ್ದಂಗೆ ಮಲಗ್ತಾಳೆ. ಬೈದ್ರೂ ಏಳಕ್ಕಿಲ್ಲ.’

ನಾನು ತಂದದ್ದನ್ನು ನಾದಿನಿಯ ಪಕ್ಕದಲ್ಲಿಟ್ಟು ಜಗಲಿಯ ಮೇಲೆ ಕೂತೆ. ಕೈ ಸುಮ್ಮನಿರದೆ ಹುಣಸೆಹಣ್ಣಿಗೆ ಹೋಯಿತು. ‘ನೀನ್ಯಾಕೆ, ಬುಡು’ ಎಂದು ಅವಳು ಹೇಳಲಿಲ್ಲ. ಮೊರವನ್ನು ನನ್ನ ಕಡೆ ಸ್ವಲ್ಪ ಸರಿಸಿದಳು. ಇಬ್ಬರೂ ಬೀಜ ಬಿಡಿಸಿದೆವು. ಬಸ್ಸಿನ ಹೊತ್ತಾದಾಗ ನಾನು ಎದ್ದೆ. ‘ಎದ್ರೆ, ನೀನು ಬಂದಿದ್ದೆ ಅಂತೀನಿ’ ಎಂದಳು ಆಕೆ, ತಲೆಯೆತ್ತದೆ.